ಏಳು ಪದದ ಎಣ್ಣೆ

ದೊಡ್ಡ ಸಂಗತಿ ಸಣ್ಣ ಮನೆಗೆ ಬರುವಾಗ ತಲೆ ಬಗ್ಗಿಸಿಯೇ ಬರಬೇಕು ಎಂದು ನಮ್ಮ ಕಡೆಯ ಹಿರಿಯರು ಹೇಳುತ್ತಾರೆ. ಹನುಮಂತರಾಯಪ್ಪ ಮೇಷ್ಟರಿಗೆ ಈ ಮಾತು ಗೊತ್ತಿತ್ತು. ಮೂವತ್ತು ವರ್ಷ ಮಕ್ಕಳಿಗೆ ಹೇಳಿಯೂ ಕೊಟ್ಟಿದ್ದರು. ಆದರೂ ಬಾಶೆಟ್ಟಿಹಳ್ಳಿಯ ಅಕ್ಕಯಮ್ಮನ ಮನೆಗೆ ಕಾಲಿಟ್ಟ ದಿನ ಅವರ ಹಣೆ ಬಾಗಿಲ ಅಡ್ಡಪಟ್ಟಿಗೆ ಠಪ್ಪೆಂದು ಬಡಿಯಿತು.

"ಯಾರಪ್ಪಾ ಅದು? ಬರೋದು ಬರ್ತೀಯ, ತಲೇನೂ ಜೊತೇಲಿ ಕರ್ಕೊಂಡು ಬಾ," ಎಂದಿತು ಒಳಗಿನ ಕತ್ತಲು.

ಕಣ್ಣಿಗೆ ಕತ್ತಲು ಒಗ್ಗಿದ ಮೇಲೆ ಕಂಡದ್ದು ಒಂದು ಬೀಸುವ ಕಲ್ಲು, ಅದರ ಮುಂದೆ ಕಾಲು ಚಾಚಿ ಕೂತ ಮುದುಕಿ, ಅವಳ ತಲೆಯ ಮೇಲಕ್ಕೆ ಗೋಡೆಯಲ್ಲಿ ಕೊರೆದ ಒಂದು ಗೂಡು. ಗೂಡಿನಲ್ಲಿ ಬೀರದೇವರ ಹೆಸರಿನ ಒಂದು ಉರುಟು ಕಲ್ಲು; ಅದರ ಮುಂದೆ ಎಣ್ಣೆ ಕುಡಿದು ಕಪ್ಪಾದ ಮಣ್ಣಿನ ಹಣತೆ.

ಅದು ಸಾವಿರದ ಒಂಬೈನೂರ ನಲವತ್ತನಾಲ್ಕು, ಸಂಕ್ರಾಂತಿ ಕಳೆದು ಎಂಟು ದಿನ. ಲೋಕದಲ್ಲಿ ಯುದ್ಧ ಶುರುವಾಗಿ ಐದನೇ ವರ್ಷ ನಡೆದಿತ್ತು. ದೊಡ್ಡಬಳ್ಳಾಪುರದಲ್ಲಿ ಪಿಂಚಣಿ ತೆಗೆದುಕೊಂಡು, ಬೆಳಿಗ್ಗೆ ಸುಬ್ರಹ್ಮಣ್ಯ ಸ್ವಾಮಿಗೆ ಎರಡು ಹೂವು ಏರಿಸಿ, ಸಂಜೆ ಪುರಾಣ ಓದಿಕೊಂಡಿದ್ದ ಮೇಷ್ಟರನ್ನು ಸರ್ಕಾರದವರು ಕರೆದು ಒಂದು ತಾತ್ಕಾಲಿಕ ಕೆಲಸ ಕೊಟ್ಟಿದ್ದರು. ಹಳ್ಳಿಯಲ್ಲಿ ಉಳ್ಳವರದು ನಾಲ್ಕು ಮನೆ, ನಡುವಿನವರದು ನಾಲ್ಕು, ಕೂಲಿಯವರದು ನಾಲ್ಕು, ಹೀಗೆ ಹನ್ನೆರಡು ಮನೆ ಹೊಕ್ಕು, ಯುದ್ಧಕ್ಕೆ ಮುಂಚೆ ಏನನ್ನು ಎಷ್ಟಕ್ಕೆ ಕೊಳ್ಳುತ್ತಿದ್ದಿರಿ, ಈಗ ಎಷ್ಟಕ್ಕೆ ಎಂದು ಕೇಳಿ ಬರೆದುಕೊಳ್ಳುವುದು. ಮುಂಚಿನದನ್ನು ನೂರು ಎಂದಿಟ್ಟುಕೊಂಡರೆ ಈಗಿನದು ಎಷ್ಟಾಯಿತು ಎಂದು ಲೆಕ್ಕ ಹಾಕುವುದು. ಆ ಒಂದು ಅಂಕಿಯ ಮೇಲೆ ಊರಾಚೆಯ ನೂಲಿನ ಗಿರಣಿಯ ಕೂಲಿಗಳಿಗೆ ಎಷ್ಟು ತುಟ್ಟಿಭತ್ಯೆ ಕೊಡಬೇಕೆಂಬುದು ನಿಲ್ಲುತ್ತಿತ್ತು. ಅಕ್ಕಯಮ್ಮನ ಮಗ ಚಿಕ್ಕಬೀರಪ್ಪ ಅದೇ ಗಿರಣಿಯಲ್ಲಿ ಹತ್ತಿಯ ಪಿಂಡಿ ಹೊರುತ್ತಿದ್ದ.

ಮೇಷ್ಟರು ಹಣೆ ಸವರಿಕೊಳ್ಳುತ್ತಾ ಗೋಣಿತಾಟಿನ ಮೇಲೆ ಕೂತು ಕಾಗದ ಬಿಡಿಸಿದರು.

"ದೀಪದ ಎಣ್ಣೆ ಎಷ್ಟಕ್ಕೆ ತರ್ತೀಯವ್ವಾ?"

"ಮೂರು ಕಾಸಿಗೆ."

"ಯುದ್ಧಕ್ಕೆ ಮುಂಚೆ?"

"ಆವಾಗ್ಲೂ ಮೂರು ಕಾಸಿಗೇ."

"ಉಪ್ಪು?"

"ವಾರಕ್ಕೆ ಮೂರು ಕಾಸಿಂದು. ಆವಾಗ್ಲೂ ಅಷ್ಟೇ."

"ಬೆಲ್ಲ?"

"ಹಬ್ಬಕ್ಕೆ ಆರು ಕಾಸಿಂದು. ಆವಾಗ್ಲೂ ಆರೇ. ಮೇಷ್ಟ್ರೇ, ಬದಲಾಗೋಕೆ ಈ ಮನೇಲಿ ಏನೈತೆ ಹೇಳಿ? ನಾನೊಬ್ಬಳು ಮುದುಕಿ ಆದೆ, ಅದನ್ನ ಬೇಕಾದ್ರೆ ಬರ್ಕೊಳಿ."

ಮೂಲೆಯಲ್ಲಿ ಮೊರ ಹಿಡಿದು ರಾಗಿ ಕೇರುತ್ತಿದ್ದ ಸೊಸೆ ಅಶ್ವತ್ಥಮ್ಮ ಕಿಸಕ್ಕನೆ ನಕ್ಕಳು.

ಕಾಗದದಲ್ಲಿ ಅಳತೆಗೆಂದು ಒಂದು ಮನೆ ಇತ್ತು. ಮೇಷ್ಟರು ಕೇಳಿದರು: "ಎಷ್ಟು ಸೇರು, ಎಷ್ಟು ಪಾವು ಅಂತ ಹೇಳಬೇಕಲ್ಲವ್ವಾ."

"ಸೇರು ಪಾವೆಲ್ಲ ಗೋಪಾಲಪ್ಪನೋರ ಮನೇಲಿ ಕೇಳಿ. ನಾವು ಕಾಸು ಕೊಡ್ತೀವಿ, ಅಂಗಡಿ ಪಿಳ್ಳಪ್ಪ ಹಾಕ್ತಾನೆ, ಸೆರಗಲ್ಲಿ ಕಟ್ಕೊಂಡು ಬರ್ತೀವಿ. ಕಾಸಿನ ಸಾಮಾನಿಗೆ ಪಾವು ಕೇಳಿದ್ರೆ ಅವನು ನಗಲ್ವಾ?"

ಮೇಷ್ಟರು ಅಳತೆಯ ಮನೆಯಲ್ಲಿ ಒಂದು ಅಡ್ಡಗೆರೆ ಎಳೆದರು. ಬೆಲೆಯ ಮನೆಯಲ್ಲಿ 'ಬದಲಿಲ್ಲ' ಎಂದು ದುಂಡಾಗಿ ಬರೆದರು. ಉಳಿದ ಮೂರು ಕೂಲಿ ಮನೆಗಳಲ್ಲೂ ಇದೇ ಮಾತು, ಇದೇ ಅಡ್ಡಗೆರೆ, ಇದೇ ದುಂಡಕ್ಷರ.

ಗೋಪಾಲಪ್ಪನ ಮನೆಯ ಕತೆಯೇ ಬೇರೆ. ಗೋಪಾಲಪ್ಪ ಊರಿನಲ್ಲಿ ಹೆಚ್ಚು ಹೊಲ ಉಳ್ಳವನು, ಜಗಲಿಯೇ ಅಷ್ಟಗಲ. ಬೆಳ್ಳಿ ಲೋಟದಲ್ಲಿ ಕಾಫಿ ಕೊಟ್ಟು, ತೊಡೆ ತಟ್ಟಿಕೊಂಡು ಹೇಳಿದ:

"ಬರ್ಕೊಳಿ ಮೇಷ್ಟ್ರೇ, ಬರ್ಕೊಂಡು ಅವರ ಮುಖಕ್ಕೆ ಹಿಡೀರಿ! ಈ ಕಾಫಿಬೀಜ ಪೌಂಡಿಗೆ ಐದಾಣೆ ಇದ್ದದ್ದು ಒಂಬತ್ತಾಣೆ. ಸೈಕಲ್ ಟೈರು ಕೇಳ್ಬೇಡಿ. ನಮ್ಮ ಮುನಿಲಕ್ಷ್ಮಮ್ಮಂಗೆ ಒಂದು ರೇಷ್ಮೆ ಸೀರೆ ತರೋಕೆ ಬೆಂಗಳೂರಿಗೆ ಹೋದ್ರೆ, ಅಂಗಡಿಯೋನು ಬೆಲೆ ಹೇಳಿದ ಏಟಿಗೆ ನನ್ನ ಪೇಟ ಜಾರ್ತು."

"ಪೇಟ ಜಾರಿದ್ದು ಸೀರೆ ಬೆಲೆಗಲ್ಲ, ಹೋಟೆಲಲ್ಲಿ ನಾಲ್ಕು ದೋಸೆ ತಿಂದು ಬಗ್ಗಿದ್ದಕ್ಕೆ," ಎಂದಳು ಬಾಗಿಲ ಹಿಂದಿನಿಂದ ಹೆಂಡತಿ ಮುನಿಲಕ್ಷ್ಮಮ್ಮ.

ರಾಗಿ, ಅವರೆ, ತೊಗರಿ ಅವರ ಹೊಲದ್ದೇ, ಅದಕ್ಕೆ ಕಾಸಿಲ್ಲ. ಎಣ್ಣೆಯನ್ನು ವರ್ಷಕ್ಕೊಮ್ಮೆ ಗಾಣದಿಂದಲೇ ಡಬ್ಬದಲ್ಲಿ ತರಿಸುತ್ತಿದ್ದರು. ಆದರೂ ಎಲ್ಲ ಕೂಡಿ ಲೆಕ್ಕ ಹಾಕಿದಾಗ ಆ ಮನೆಯ ಅಂಕಿ ನೂರ ಅರವತ್ತಕ್ಕೆ ಬಂತು. ಉಳಿದ ಉಳ್ಳವರ ಮನೆಗಳೂ ಹತ್ತಿಪ್ಪತ್ತು ಆಚೀಚೆ. ಕೂಲಿಯ ಮನೆಗಳದು ನೂರಕ್ಕೆ ನೂರೇ.

ಸಂಜೆ, ಕೆಲಸ ಮುಗಿಯುವವರೆಗೆ ಬಿಡಾರವಾಗಿದ್ದ ಹನುಮಂತರಾಯನ ಗುಡಿಯ ಜಗಲಿಯಲ್ಲಿ, ಹಾಸಿಕೊಂಡ ಕಂಬಳಿಯ ಮೇಲೆ ಕೂತು ಮೇಷ್ಟರು ಈ ಎರಡು ಅಂಕಿಗಳನ್ನು ನೋಡಿದರು. ಮತ್ತೆ ಕೂಡಿದರು. ಮತ್ತೆ ಅದೇ ಬಂತು. ಅವರ ಕಣ್ಣು ತುಂಬಿ ಬಂತು. ಕಡಲಾಚೆ ಹಡಗುಗಳು ಮುಳುಗುತ್ತಿವೆ, ರಂಗೂನಿನ ಅಕ್ಕಿ ನಿಂತುಹೋಗಿದೆ, ಪಟ್ಟಣಗಳಲ್ಲಿ ಜನ ಸಾಲು ನಿಂತಿದ್ದಾರೆ. ಆದರೆ ಆ ಉರಿ ಬಡವರ ಬಾಗಿಲಿಗೆ ಬಂದು, ಒಳಗೆ ನೋಡಿ, ಹಾಗೇ ಹಿಂದಕ್ಕೆ ಹೋಗಿದೆ. ಪ್ರಹ್ಲಾದನನ್ನು ಬೆಂಕಿಯಲ್ಲಿ ಕೂರಿಸಿ ಕೂದಲೂ ಕೊಂಕದಂತೆ ಕಾದವನಿಗೆ ಇದೇನು ದೊಡ್ಡದು! ಮೇಷ್ಟರು ಎದ್ದು ಕೈಕಾಲು ತೊಳೆದು ಗುಡಿಯ ಮುಂದೆ ಕರ್ಪೂರ ಹಚ್ಚಿದರು. 'ನಿನ್ನ ಲೀಲೆ ನನ್ನ ಕೈಯಿಂದ ಲೆಕ್ಕವಾಗಿ ಬಂತಲ್ಲಾ ತಂದೆ' ಎಂದು ಅಡ್ಡಬಿದ್ದರು.

ಒಳ್ಳೆಯ ಮನುಷ್ಯ ತಪ್ಪು ಮಾಡಿದರೆ ಹೀಗೆಯೇ, ಕೈ ಮುಗಿದುಕೊಂಡು ಮಾಡುತ್ತಾನೆ.

ಗುಡಿಯ ಜಗಲಿಗೂ ಅಕ್ಕಯಮ್ಮನ ಮನೆಗೂ ನಡುವೆ ಒಂದು ಹುಣಸೆಮರ ಮಾತ್ರ. ಮೊದಲ ಕೋಳಿ ಕೂಗಿದಾಗ ಮೇಷ್ಟರಿಗೆ ಎಚ್ಚರವಾಯಿತು. ಬೀಸುವ ಕಲ್ಲು ಗುರುಗುರು ಎನ್ನುತ್ತಿತ್ತು. ಅದರ ಮೇಲೆ ಅಕ್ಕಯಮ್ಮನ ದನಿ. ಹಗಲಿನ ಕುಚೋದ್ಯದ ದನಿಯಲ್ಲ ಅದು. ಕಲ್ಲಿನ ಸುತ್ತಿಗೆ ಸುತ್ತು ಸೇರಿಸಿ, ಆತುರವಿಲ್ಲದೆ, ನೀರು ತುಂಬಿದ ಬಿಂದಿಗೆಯ ಹಾಗೆ ನಡೆಯುವ ದನಿ. ಮೊದಲ ಪದ ಬೀಸುಕಲ್ಲಿಗೆ. ಎರಡನೆಯದು ರಾಗಿಗೆ, ಅದು ಹುಟ್ಟಿದ ಮಣ್ಣಿಗೆ. ಮೂರನೆಯದು ಬೀರದೇವರಿಗೆ. ಒಂದೊಂದೂ ಒಂದೊಂದು ಕತೆ. ಮೇಷ್ಟರು ಕಂಬಳಿಯೊಳಗೇ ಕೈ ಮುಗಿದು ಕೇಳಿದರು.

ಮೂರನೆಯ ಪದ ಮುಗಿದದ್ದೇ ದನಿ ನಿಂತಿತು. ಕಲ್ಲು ನಿಲ್ಲಲಿಲ್ಲ. ಕತ್ತಲೆಯಲ್ಲಿ ಬರೀ ಕಲ್ಲಿನ ಸದ್ದು, ಮಾತು ಬಾರದವರ ಗೊಣಗಿನ ಹಾಗೆ. ಮೇಷ್ಟರು ಕಾದರು. ಮೂಡಲು ಕೆಂಪಾಗುವವರೆಗೆ ಇನ್ನೊಂದು ಪದ ಬರಲಿಲ್ಲ.

ಮರುದಿನವೂ ಹಾಗೆಯೇ. ಮೂರು ಪದ, ಆಮೇಲೆ ಮೌನ, ಮೌನದ ಕೆಳಗೆ ಕಲ್ಲು. ಮೂರನೆಯ ಬೆಳಿಗ್ಗೆ ಮೇಷ್ಟರು ಮುಖ ತೊಳೆದವರೇ ಹುಣಸೆಮರ ದಾಟಿ ಹೋಗಿ, ಈ ಸಲ ತಲೆ ಬಗ್ಗಿಸಿ, ಬಾಗಿಲಲ್ಲಿ ನಿಂತರು.

"ಅವ್ವಾ, ಪದ ಎಷ್ಟು ಚೆಂದ ಹೇಳ್ತೀಯ. ಮೂರಕ್ಕೇ ಯಾಕೆ ನಿಲ್ಲಿಸ್ತೀಯ? ಕಲ್ಲು ಇನ್ನೂ ಬೀಸ್ತಾನೇ ಇರುತ್ತಲ್ಲ."

"ದೀಪ ಹೋಯ್ತಲ್ಲ ಮೇಷ್ಟ್ರೇ."

"ಹೋದ್ರೆ?"

ಅಕ್ಕಯಮ್ಮ ಅವರನ್ನು ಓದು ಬಾರದವರನ್ನು ನೋಡುವ ಹಾಗೆ ನೋಡಿದಳು. "ಪದ ಹೇಳೋದು ದೀಪಕ್ಕೆ. ಬೀರಪ್ಪ ಗೂಡಲ್ಲಿ ಕೂತು ಕೇಳ್ತಾನೆ. ಕತ್ಲಲ್ಲಿ ಹೇಳಿದ್ರೆ ಯಾವುದು ಬಂದು ಕೇಳುತ್ತೋ ಯಾರಿಗ್ಗೊತ್ತು? ನಮ್ಮತ್ತೆ ಹೇಳ್ಕೊಟ್ಟಿದ್ದು, ದೀಪ ಹೋದ್ಮೇಲೆ ಬಾಯಿ ಮುಚ್ಕೊಂಡು ಬೀಸು ಅಂತ. ಈಗ ಮೂರಕ್ಕೇ ಹೋಗುತ್ತೆ, ಏನ್ಮಾಡಾನ. ಮುಂಚೆ ಏಳು ಪದ ಹೇಳ್ತಿದ್ದೆ."

"ಮುಂಚೆ ಅಂದ್ರೆ?"

"ಯುದ್ಧ ಅಂತಾರಲ್ಲ, ಅದಕ್ಕೆ ಮುಂಚೆ. ಮೂರು ಕಾಸಿನ ಎಣ್ಣೆ ಹಾಕಿದ್ರೆ ಮೊದಲ ಕೋಳಿಗೆ ಹಚ್ಚಿದ ದೀಪ ಹೊತ್ತು ಹುಟ್ಟೋ ತನಕ ಇರೋದು. ಏಳನೇ ಪದ ಸೂರ್ಯಪ್ಪಂಗೆ. ಅದು ಮುಗಿಯೋದಕ್ಕೂ ಅವನು ಮುಖ ತೋರ್ಸೋದಕ್ಕೂ ಸರಿಹೋಗೋದು. ದೀಪ ಅವನ ಕೈಗೆ ಬೆಳಕು ಕೊಟ್ಟು ಹೋಗೋದು. ಆಮೇಲೆ ಆರು ಪದ ಆಯ್ತು, ಆಮೇಲೆ ಐದು. ಈಗ ಎರಡು ವರ್ಷದಿಂದ ಮೂರು. ಈ ಅಶ್ವತ್ಥಿ ಮದ್ವೆಯಾಗಿ ಬಂದಾಗಿಂದ ಮೂರೇ ಕೇಳವ್ಳೆ. ಉಳಿದ ನಾಕು ಇವಳಿಗೆ ಗೊತ್ತೇ ಇಲ್ಲ."

ಮೇಷ್ಟರು ಹೊಸ್ತಿಲ ಮೇಲೆ ಕೂತುಬಿಟ್ಟರು. ಹೊಸ್ತಿಲ ಮೇಲೆ ಕೂರಬಾರದು ಎಂಬುದೂ ನೆನಪಾಗಲಿಲ್ಲ.

"ಎಣ್ಣೆ ಬೆಲೆ ಏರಿಲ್ಲ ಅಂದ್ಯಲ್ಲವ್ವಾ!"

"ಏರಿಲ್ಲ. ಮೂರು ಕಾಸೇ. ಕಾಸು ಬೇಕಾದ್ರೆ ನೋಡಿ." ಅವಳು ಸೊಂಟದ ಚೀಲದಿಂದ ಒಂದು ನಾಣ್ಯ ತೆಗೆದು ಅವರ ಅಂಗೈಗೆ ಹಾಕಿದಳು. ಮುಂಚಿನ ಮೂರು ಕಾಸಿನ ಬಿಲ್ಲೆ ದಪ್ಪ ತಾಮ್ರದ್ದು. ಈಗಿನದು ತೆಳು, ನಡುವೆ ತೂತು. ತಾಮ್ರ ಯುದ್ಧಕ್ಕೆ ಹೋಗಿತ್ತು. "ಕಾಸಿಗೇ ತೂತು ಬಿದ್ದೈತೆ. ಎಣ್ಣೆ ಎಲ್ಲಿ ನಿಲ್ಲುತ್ತೆ ಹೇಳಿ!" ಎಂದು ಅಕ್ಕಯಮ್ಮ ನಕ್ಕಳು.

ಮೇಷ್ಟರು ನಗಲಿಲ್ಲ. ಆ ತೂತಿನೊಳಗಿಂದ ಅವರಿಗೆ ತಾವು ಎಳೆದ ಅಡ್ಡಗೆರೆಗಳು ಕಾಣುತ್ತಿದ್ದವು. ಉಳ್ಳವನು ಸೇರು ಹಿಡಿದು ಹೋಗುತ್ತಾನೆ, ಸೇರು ಹಾಗೇ ಇರುತ್ತದೆ, ಕಾಸು ಏರುತ್ತದೆ, ಅವನು ಕೂಗುತ್ತಾನೆ. ಇಲ್ಲದವನು ಕಾಸು ಹಿಡಿದು ಹೋಗುತ್ತಾನೆ. ಕಾಸು ಹಾಗೇ ಇರುತ್ತದೆ, ಅಳತೆ ಇಳಿಯುತ್ತದೆ. ಅವನಿಗೆ ಕೂಗಲು ಒಂದು ಅಂಕಿಯೂ ಸಿಗುವುದಿಲ್ಲ. ಉರಿ ಹಿಂದಕ್ಕೆ ಹೋಗಿರಲಿಲ್ಲ. ಒಳಗೆ ಬಂದು, ನಾಲ್ಕು ಪದ ತಿಂದು, ಸದ್ದಿಲ್ಲದೆ ಕೂತಿತ್ತು. ತಾವು ಅದಕ್ಕೆ ಕರ್ಪೂರ ಬೆಳಗಿದ್ದರು.

ಅಲ್ಲಿಂದ ನೇರ ಪಿಳ್ಳಪ್ಪನ ಅಂಗಡಿಗೆ ನಡೆದರು. ಪಿಳ್ಳಪ್ಪ ಎಣ್ಣೆಪೀಪಾಯಿಯ ಪಕ್ಕ ಎಣ್ಣೆಪೀಪಾಯಿಯ ಹಾಗೆಯೇ ಕೂತಿದ್ದ.

"ಮೂರು ಕಾಸಿನ ಎಣ್ಣೆ ಹೇಗೆ ಅಳೀತೀಯಪ್ಪಾ?"

"ಕೊಳವೇಲಿ." ಅವನು ಹಿಡಿ ಕಟ್ಟಿದ ಸಣ್ಣ ಬಿದಿರ ಕೊಳವೆ ತೋರಿಸಿದ. ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಆಳ.

"ಮುಂಚೆಯೂ ಇದೇ ಕೊಳವೆಯಾ?"

ಪಿಳ್ಳಪ್ಪನ ಮುಖ ಬಿಗಿಯಿತು. "ಮೇಷ್ಟ್ರೇ, ನಾನು ಮೋಸಗಾರನಲ್ಲ. ಗಾಣದೋನು ನನಗೆ ಏರಿಸ್ತಾನೆ. ಕೂಲಿಯೋರ ಹತ್ರ ಮೂರು ಕಾಸು ಬಿಟ್ಟು ನಾಕು ಕೇಳಿದ್ರೆ ಎಲ್ಲಿಂದ ತರ್ತಾರೆ? ಅದಕ್ಕೇ ಕಾಸು ಮುಟ್ಟಲ್ಲ, ಕೊಳವೆ ಬದಲಾಯಿಸ್ತೀನಿ. ನಮ್ಮಪ್ಪನ ಕಾಲದಿಂದ ಹಿಂಗೇ. ನೋಡಿ ಬೇಕಾದ್ರೆ." ಎಂದು ತಿರುಗಿ ಗೋಡೆಯ ಮೊಳೆ ತೋರಿಸಿದ. ಅಲ್ಲಿ ಒಂದೇ ಹುರಿಯಲ್ಲಿ ಮೂರು ಬಿದಿರ ಕೊಳವೆಗಳು ದೊಡ್ಡದರಿಂದ ಚಿಕ್ಕದಕ್ಕೆ ಇಳಿದು ನೇತಾಡುತ್ತಿದ್ದವು, ಸಂಸಾರ ಒಣಗಿದ ಹಾಗೆ. "ಬಿಸಾಕಿಲ್ಲ. ಯುದ್ಧ ಮುಗಿದ್ಮೇಲೆ ಒಂದೊಂದಾಗಿ ಮತ್ತೆ ಇಳಿಸ್ಬೇಕಲ್ಲ."

ಮೇಷ್ಟರು ಎಲ್ಲಕ್ಕಿಂತ ದೊಡ್ಡ ಕೊಳವೆಯನ್ನು ಎರಡು ಕೈಯಲ್ಲಿ ತೆಗೆದುಕೊಂಡರು, ತೀರ್ಥದ ಬಟ್ಟಲು ತೆಗೆದುಕೊಳ್ಳುವ ಹಾಗೆ.

"ಇದರ ತುಂಬ ಎಣ್ಣೆಗೆ ಈಗ ಎಷ್ಟು?"

ಪಿಳ್ಳಪ್ಪ ಬೆರಳು ಮಡಚಿ ಬಿಡಿಸಿ ಹೇಳಿದ: "ಏಳು ಕಾಸು."

ಮೂರು ಕಾಸಿನದು ಏಳು ಕಾಸು. ಏಳು ಪದದ್ದು ಮೂರು ಪದ. ಅಂಗಡಿಯವನ ಬೆರಳಿಗೂ ಮುದುಕಿಯ ಗಂಟಲಿಗೂ ಮಾತೇ ಆಗಿರಲಿಲ್ಲ. ಇಬ್ಬರ ಲೆಕ್ಕವೂ ಒಂದೇ ಕಡೆ ಬಂದು ನಿಂತಿತ್ತು. ನೂರಿದ್ದದ್ದು ಇನ್ನೂರ ಮೂವತ್ತಮೂರು.

ಶನಿವಾರ ಮಧ್ಯಾಹ್ನದ ರೈಲಿಗೆ ವೆಂಕಟರಾಯಪ್ಪ ಬಂದ. ಮೇಷ್ಟರ ಕಾಗದಗಳನ್ನು ನೋಡಿ ರುಜು ಹಾಕಿ ಬೆಂಗಳೂರಿಗೆ ಒಯ್ಯಬೇಕಾದ ಅಧಿಕಾರಿ ಅವನು. ಮೂವತ್ತು ದಾಟಿರದ, ಒಳ್ಳೆಯ ಓದು ಓದಿದ ಹುಡುಗ. ಕೋಟಿನ ಜೇಬಿನಲ್ಲಿ ಸರಪಳಿ ಗಡಿಯಾರ. ಗುಡಿಯ ಜಗಲಿಯಲ್ಲಿ ಕೂತು ಮೇಷ್ಟರ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿದ. ಕೇಳಿ, ಮೊದಲು ಬರೆದಿದ್ದ ಹಾಳೆಯನ್ನೇ ಎತ್ತಿಕೊಂಡ.

"ಇದು ಚೆನ್ನಾಗಿದೆಯಲ್ಲ ಮೇಷ್ಟ್ರೇ. ಉಳ್ಳವರದು ನೂರ ಅರವತ್ತು, ಕೂಲಿಯವರದು ನೂರು, ನಡುವಿನವರದು ನಡುವೆ. ಒಟ್ಟು ಸರಾಸರಿ ನೂರ ಮೂವತ್ತು. ಊರಿಗೆ ಒಂದು ಅಂಕಿ ಕೇಳಿದ್ದಾರೆ, ಒಂದು ಕೊಡೋಣ."

"ಆ ನೂರು ಸುಳ್ಳು ಸ್ವಾಮಿ. ನನ್ನ ಕೈಬರಹದ ಸುಳ್ಳು. ಅದು ಹೋದ್ರೆ ಗಿರಣಿ ಕೂಲಿಗಳಿಗೆ ಸಿಗಬೇಕಾದ್ದು ಸಿಗಲ್ಲ."

"ಹಾಗಂತ ಪದ ಎಣಿಸಿ ಬರೆಯೋಕಾಗುತ್ತಾ? ಸೋಮವಾರ ಸಾಹೇಬರು ಕೇಳ್ತಾರೆ, ಈ ಇನ್ನೂರ ಮೂವತ್ತಮೂರು ಎಲ್ಲಿಂದ ಬಂತು ಅಂತ. ಮುದುಕಿ ಹಾಡಿದ್ಳು ಅನ್ನಲಾ? ಒಂದು ದಿನ ಬೇಗ ಹಾಡ್ತಾಳೆ, ಒಂದು ದಿನ ನಿಧಾನ."

"ಇಲ್ಲಿ ರಾತ್ರಿ ಇದ್ದುಬಿಡಿ. ಬೆಳಿಗ್ಗೆ ನಿಮ್ಮ ಗಡಿಯಾರ ಹಿಡ್ಕೊಂಡು ಕೂತ್ಕೊಳಿ. ನಾನು ಸುಳ್ಳಾದ್ರೆ ಹಳೇ ಹಾಳೆಗೇ ರುಜು ಹಾಕಿ, ನಾನು ಮಾತಾಡಲ್ಲ."

ವೆಂಕಟರಾಯಪ್ಪ ಗಡಿಯಾರ ನೋಡಿದ, ಹುಣಸೆಮರ ನೋಡಿದ, ಮೇಷ್ಟರ ಮುಖ ನೋಡಿದ. "ತಿಗಣೆ ಇಲ್ಲ ತಾನೇ?" ಎಂದ.

ಭಾನುವಾರ ಮೊದಲ ಕೋಳಿಗೆ ಇಬ್ಬರೂ ಅಕ್ಕಯಮ್ಮನ ಮನೆಯಲ್ಲಿದ್ದರು. ಅಧಿಕಾರಿಯ ಹಣೆಯೂ ಠಪ್ಪೆಂದಿತು. "ಸರ್ಕಾರಕ್ಕೆಲ್ಲ ಇದೇ ಬಾಗಿಲು," ಎಂದು ಅಕ್ಕಯಮ್ಮ ಜಾಗ ತೋರಿಸಿದಳು. ಮೇಷ್ಟರು ಹೊಸದಾಗಿ ತಂದ ಎರಡು ಹಣತೆಗಳನ್ನು ಗೂಡಿನಲ್ಲಿಟ್ಟು, ಒಂದಕ್ಕೆ ಈಗಿನ ಕೊಳವೆಯ ಎಣ್ಣೆ, ಇನ್ನೊಂದಕ್ಕೆ ಹಳೆಯ ಕೊಳವೆಯ ಎಣ್ಣೆ ಸುರಿದರು. ಒಂದೇ ಹತ್ತಿಯಿಂದ ಒಂದೇ ದಪ್ಪಕ್ಕೆ ಹೊಸೆದ ಬತ್ತಿ.

"ಎರಡು ದೀಪ ಯಾಕ್ರಪ್ಪಾ, ನಮ್ಮನೇಲಿ ಮದ್ವೆ ಐತಾ?" ಎಂದಳು ಅಕ್ಕಯಮ್ಮ.

"ದಿನಾ ಹೇಳೋ ಹಾಗೆ ಹೇಳವ್ವಾ. ನಾವು ಇಲ್ಲ ಅಂದ್ಕೊ."

"ಇಷ್ಟು ದಪ್ಪ ಗಡಿಯಾರ ಇಟ್ಕೊಂಡು ಇಲ್ಲ ಅಂದ್ಕೋ ಅಂದ್ರೆ ಹೆಂಗೆ?" ಎಂದು ಗೊಣಗಿ, ಬೀರದೇವರಿಗೆ ಕೈ ಮುಗಿದು, ಕಲ್ಲಿನ ಗೂಟ ಹಿಡಿದಳು. ಎದುರಿಗೆ ಅಶ್ವತ್ಥಮ್ಮ ಇನ್ನೊಂದು ಕೈ ಹಾಕಿದಳು. ಕಲ್ಲು ಹೊರಳಿತು.

ಮೊದಲ ಪದ ಮುಗಿದಾಗ ವೆಂಕಟರಾಯಪ್ಪ ದೀಪದ ಬೆಳಕಿಗೆ ಗಡಿಯಾರ ಹಿಡಿದು ಗುರುತು ಹಾಕಿಕೊಂಡ: ಹದಿನೇಳು ನಿಮಿಷ. ಎರಡನೆಯದು: ಹದಿನೇಳು. ಅವನ ಹುಬ್ಬು ಮೇಲೆ ಹೋಯಿತು. ಮೂರನೆಯದೂ ಹದಿನೇಳೇ. ಕಲ್ಲಿನ ಸುತ್ತು ಏರುಪೇರಾದರೆ ಹಿಟ್ಟು ತರಿಯಾಗುತ್ತದೆ. ಐವತ್ತು ವರ್ಷ ನುಣ್ಣಗೆ ಬೀಸಿದ ಕೈಗೆ ಗಡಿಯಾರ ಏನು ಕಲಿಸೀತು! ಮೂರನೆಯ ಪದದ ಕೊನೆಯ ಸಾಲು ಮುಗಿಯುವಷ್ಟರಲ್ಲಿ ಸಣ್ಣ ಎಣ್ಣೆಯ ದೀಪ ಒಮ್ಮೆ ನೆಗೆದು, ಕೆಂಪಾಗಿ, ಆರಿತು. ಬತ್ತಿಯ ಹೊಗೆ ಬೀರದೇವರನ್ನು ಒಂದು ಸುತ್ತು ಹಾಕಿತು.

ಅಕ್ಕಯಮ್ಮನ ಬಾಯಿ ರೂಢಿಯಂತೆ ಮುಚ್ಚಿತು. ಕಲ್ಲು ಒಂದು ಸುತ್ತು, ಎರಡು ಸುತ್ತು ಹೋಯಿತು. ಆಮೇಲೆ ಅವಳು ತಲೆ ಎತ್ತಿ ಗೂಡನ್ನು ನೋಡಿದಳು. ಇನ್ನೊಂದು ದೀಪ ನೆಟ್ಟಗೆ ಉರಿಯುತ್ತಿತ್ತು. ಮುದುಕಿಯ ಮುಖದಲ್ಲಿ ಎಂಥದೋ ಗಲಿಬಿಲಿ, ಬಹಳ ದಿನದ ಮೇಲೆ ತವರಿನ ಬಾಗಿಲು ತೆರೆದಿರುವುದನ್ನು ಕಂಡವಳ ಹಾಗೆ.

"ಇನ್ನೂ ಐತೆ," ಎಂದಳು ಮೆಲ್ಲಗೆ.

"ಐತೆ ಕಣವ್ವಾ. ಹೇಳು," ಎಂದರು ಮೇಷ್ಟರು.

ನಾಲ್ಕನೆಯ ಪದ ಕೆರೆಗೆ. ಮೊದಲ ಸಾಲು ಬಂತು, ಎರಡನೆಯದು ಎಡವಿತು. ಅವಳು ಕಣ್ಣು ಮುಚ್ಚಿ ಕೈಯನ್ನು ನಂಬಿದಳು. ಕೈ ಕಲ್ಲನ್ನು ತಿರುಗಿಸಿತು, ಕಲ್ಲು ಸಾಲನ್ನು ತಂದುಕೊಟ್ಟಿತು. ಐದನೆಯದು ತವರಿಗೆ. ಆರನೆಯದು ತೀರಿಹೋದವರಿಗೆ, ಅದರಲ್ಲಿ ಒಂದೊಂದು ಮನೆಯವರೂ ತಮ್ಮ ಹಿರಿಯರ ಹೆಸರು ಸೇರಿಸುತ್ತಾರೆ. ಅಕ್ಕಯಮ್ಮ ತನ್ನ ಅತ್ತೆಯ ಹೆಸರು ಹೇಳಿದಳು, ಗಂಡನ ಹೆಸರಿಗೆ ಬಂದಾಗ ಅದನ್ನು ಹೇಳದೆ 'ಇವನಪ್ಪ' ಎಂದು ಹೇಳಿ ಮುಂದೆ ಹೋದಳು. ಎರಡು ವರ್ಷಕ್ಕೂ ಮೇಲಾಗಿ ಆ ಮನೆಯಲ್ಲಿ ಹಿರಿಯರ ಹೆಸರು ಎತ್ತಿರಲಿಲ್ಲ. ಕದದ ಹತ್ತಿರ ಎದ್ದು ಬಂದು ನಿಂತಿದ್ದ ಚಿಕ್ಕಬೀರಪ್ಪ ಹೆಗಲ ಮೇಲಿನ ವಸ್ತ್ರದಿಂದ ಕಣ್ಣು ಒತ್ತಿಕೊಂಡ. ಅಶ್ವತ್ಥಮ್ಮ ತುಟಿ ಅಲುಗಿಸುತ್ತಾ ಒಂದೊಂದು ಸಾಲನ್ನೂ ಹಿಡಿದಿಡುತ್ತಿದ್ದಳು.

ಏಳನೆಯ ಪದ ಶುರುವಾದಾಗ ಸೂರಿನ ಸಂದಿಯಲ್ಲಿ ಬೂದು ಬೆಳಕು. ಪದದಲ್ಲಿ ಸೂರ್ಯಪ್ಪನನ್ನು ಎಬ್ಬಿಸುತ್ತಾರೆ, ಮುಖ ತೊಳೆಸುತ್ತಾರೆ, ಅಂಬಲಿ ಕುಡಿಸುತ್ತಾರೆ, ಹೊಲಕ್ಕೆ ಕಳಿಸುತ್ತಾರೆ. ಅವನೂ ಒಬ್ಬ ಕೂಲಿಯವನೇ ಆ ಪದದಲ್ಲಿ. ಒಂದು ದಿನವೂ ತಪ್ಪಿಸದವನು. ಕೊನೆಯ ಸಾಲಿಗೆ ದೀಪ ನೆಗೆಯಿತು. ಮೂಡಲ ಗೋಡೆಯ ಬಿರುಕಿನಿಂದ ಕಡ್ಡಿಯಷ್ಟು ಬಿಸಿಲು ಬಂದು ಹಿಟ್ಟಿನ ರಾಶಿಯ ಮೇಲೆ ನಿಂತಿತು. ದೀಪ ಆರಿತು. ಕಲ್ಲು ನಿಂತಿತು.

ಮೇಷ್ಟರು ಆರಿದ ಹಣತೆಯನ್ನೇ ನೋಡುತ್ತಿದ್ದರು. ಕಡಲಾಚೆ ಯಾವನೋ ಒಬ್ಬ ಒಂದು ಹಡಗನ್ನು ಮುಳುಗಿಸಿದರೆ ಇಲ್ಲಿ ಒಂದು ಪದ ಮುಳುಗುತ್ತದೆ. ಅದೂ ಎಷ್ಟು ಕರಾರುವಾಕ್ಕಾಗಿ! ಮೊದಲು ಸೂರ್ಯನ ಪದ, ಆಮೇಲೆ ಸತ್ತವರ ಪದ, ಆಮೇಲೆ ತವರು, ಆಮೇಲೆ ಕೆರೆ. ದೀಪ ಆರುವುದಕ್ಕೂ ಹೊತ್ತು ಹುಟ್ಟುವುದಕ್ಕೂ ನಡುವಿನ ಕತ್ತಲು, ಅದೇ ಬೆಲೆಯೇರಿಕೆ. ಅಷ್ಟು ದೊಡ್ಡದನ್ನು ಅಳೆಯುವ ಕೋಲು ಈ ಗಿಡ್ಡ ಬಾಗಿಲ ಮನೆಯಲ್ಲಿತ್ತು. ದೇವರು ಬೆಂಕಿಯನ್ನು ತಡೆದಿರಲಿಲ್ಲ. ಆದರೆ ಸುಟ್ಟದ್ದರ ಲೆಕ್ಕವನ್ನು ಒಂದು ಮುದುಕಿಯ ಗಂಟಲಿನಲ್ಲಿ ಒಂದಿಷ್ಟೂ ತಪ್ಪದಂತೆ ಇಟ್ಟಿದ್ದ.

"ಎಷ್ಟು ನಿಮಿಷ ಸ್ವಾಮಿ?" ಎಂದು ಕೇಳಿದರು ಕೊನೆಗೆ.

ವೆಂಕಟರಾಯಪ್ಪ ಬೆಚ್ಚಿ ಅಂಗೈ ನೋಡಿಕೊಂಡ. ನಾಲ್ಕನೆಯ ಪದದಿಂದ ಮುಂದೆ ಅವನು ಗಡಿಯಾರ ನೋಡಿರಲಿಲ್ಲ.

"ಬೇಕಾಗಿಲ್ಲ," ಎಂದ.

ಜಗಲಿಗೆ ಬಂದು ಕೂತವನು ಹೊಸ ಹಾಳೆ ತೆಗೆದ. ಊರಿಗೆ ಒಂದೇ ಅಂಕಿ ಬರೆಯಲು ಅಚ್ಚು ಹಾಕಿದ್ದ ಜಾಗವನ್ನು ಬಹಳ ಹೊತ್ತು ನೋಡಿದ. ಆಮೇಲೆ ಮೇಷ್ಟರ ಗೆರೆ ಎಳೆಯುವ ಪಟ್ಟಿ ಕೇಳಿ ತೆಗೆದುಕೊಂಡು ಆ ಜಾಗದಲ್ಲಿ ಎರಡು ಗೆರೆ ಎಳೆದು ಮೂರು ಮನೆ ಮಾಡಿದ: ಉಳ್ಳವರಿಗೆ ಒಂದು, ನಡುವಿನವರಿಗೆ ಒಂದು, ಕೂಲಿಯವರಿಗೆ ಒಂದು. ಇಬ್ಬರೂ ಹೋಗಿ ಪಿಳ್ಳಪ್ಪನ ಅಂಗಡಿಯಲ್ಲಿ ಉಪ್ಪು, ಬೆಲ್ಲ, ಮೆಣಸಿನಕಾಯಿಯ ಹಳೆಯ ಹೊಸ ಅಳತೆಗಳನ್ನೆಲ್ಲ ತೂಗಿಸಿ ಬರೆದರು. ಎಣ್ಣೆ ಏರಿದಷ್ಟು ಉಪ್ಪು ಏರಿರಲಿಲ್ಲ, ಬೆಲ್ಲ ಅದಕ್ಕೂ ಹೆಚ್ಚು ಏರಿತ್ತು. ಎಲ್ಲ ಕೂಡಿ ಕೂಲಿಯವರ ಮನೆಯಲ್ಲಿ ಇನ್ನೂರ ಇಪ್ಪತ್ತು ನಿಂತಿತು. ಉಳ್ಳವರದು ನೂರ ಅರವತ್ತೇ.

"ಎಲ್ಲಿಂದ ಬಂತು ಅಂತ ಸಾಹೇಬರು ಕೇಳಿದ್ರೆ?" ಎಂದರು ಮೇಷ್ಟರು.

ವೆಂಕಟರಾಯಪ್ಪ ಪಿಳ್ಳಪ್ಪನಿಂದ ಕೇಳಿ ಪಡೆದ ಎರಡು ಕೊಳವೆಗಳನ್ನು ಕೋಟಿನ ಜೇಬಿಗೆ ಇಳಿಸಿದ. "ಇವನ್ನ ಮೇಜಿನ ಮೇಲಿಡ್ತೀನಿ. ಅದಕ್ಕೂ ಒಪ್ಪದಿದ್ರೆ ಅಕ್ಕಯಮ್ಮನ್ನ ಕರ್ಕೊಂಡು ಹೋಗ್ತೀನಿ," ಎಂದ.

"ನನ್ನ ಈಗಿನ ಕೊಳವೇನೂ ಒಯ್ದ್ರಲ್ಲಪ್ಪಾ, ನಾಳೆ ಏನರಲ್ಲಿ ಅಳೀಲಿ?" ಎಂದು ಪಿಳ್ಳಪ್ಪ ಹಿಂದಿನಿಂದ ಕೂಗುತ್ತಿದ್ದ.

ಮೇಷ್ಟರು 'ಬದಲಿಲ್ಲ' ಎಂದು ಬರೆದಿದ್ದ ನಾಲ್ಕು ಹಾಳೆಗಳನ್ನು ಹರಿಯಲಿಲ್ಲ. ಮಡಚಿ ತಮ್ಮ ಪುರಾಣದ ಪುಸ್ತಕದೊಳಗೆ, ಪ್ರಹ್ಲಾದನ ಕತೆ ಇರುವಲ್ಲಿ ಇಟ್ಟುಕೊಂಡರು. ಮತ್ತೆಂದಾದರೂ ಅವಸರದಲ್ಲಿ ಕೈ ಮುಗಿಯಹೊರಟರೆ ನೆನಪಿಗಿರಲಿ ಎಂದು.

ಉಗಾದಿ ಕಳೆದ ಮೇಲೆ ಗಿರಣಿಯಲ್ಲಿ ತುಟ್ಟಿಭತ್ಯೆ ಏರಿಸಿದರೆಂದು ದೊಡ್ಡಬಳ್ಳಾಪುರದ ಪೇಟೆಯಲ್ಲಿ ಸುದ್ದಿಯಾಯಿತು. ಕೇಳಿದಷ್ಟಲ್ಲ, ಕೇಳಿದಷ್ಟು ಯಾವ ಕಾಲದಲ್ಲಿ ಯಾರಿಗೆ ಸಿಕ್ಕಿದೆ? ಆದರೆ ಏರಿಸಿದ್ದರು. ಎಷ್ಟು ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಮೇಷ್ಟರು ಯಾರನ್ನೂ ಕೇಳಲು ಹೋಗಲಿಲ್ಲ. ಒಂದು ಸಂಜೆ ಕಂಬಳಿ ಹೆಗಲಿಗೆ ಹಾಕಿಕೊಂಡು ಬಾಶೆಟ್ಟಿಹಳ್ಳಿಗೆ ನಡೆದು, ಅದೇ ಗುಡಿಯ ಜಗಲಿಯಲ್ಲಿ ಮಲಗಿದರು.

ಮೊದಲ ಕೋಳಿ ಕೂಗಿತು. ಹುಣಸೆಮರದಾಚೆ ಕಲ್ಲು ಗುರುಗುಟ್ಟಿತು. ಮೇಷ್ಟರು ಎದ್ದು ಕೂತು ಬೆರಳು ಮಡಚತೊಡಗಿದರು. ಕಲ್ಲಿನ ಪದ. ರಾಗಿಯ ಪದ. ಬೀರದೇವರ ಪದ. ಮೂರನೆಯದು ಮುಗಿದಾಗ ನಾಲ್ಕನೆಯ ಬೆರಳು ಮಡಚದೆ ಹಾಗೇ ನಿಂತಿತು. ಕಲ್ಲು ಒಂದು ಸುತ್ತು ಬರಿದೇ ಹೋಯಿತು.

ಆಮೇಲೆ ಕೆರೆಯ ಪದ ಎದ್ದಿತು. ಅದರ ಹಿಂದೆಯೇ ತವರಿನ ಪದ. ಈ ಸಲ ದನಿ ಒಂದಲ್ಲ. ಮುದಿದನಿಯ ಕೈ ಹಿಡಿದುಕೊಂಡು ಒಂದು ಎಳೆದನಿಯೂ ನಡೆದಿತ್ತು, ಅಲ್ಲಲ್ಲಿ ಎಡವುತ್ತಾ.

ಐದು.

ದನಿಗಳು ನಿಂತವು. ಕತ್ತಲೆಯಲ್ಲಿ ಕಲ್ಲು ಮಾತ್ರ ತಿರುಗಿತು, ಹೊತ್ತು ಹುಟ್ಟಲು ಇನ್ನೂ ಎರಡು ಪದದಷ್ಟು ದೂರವಿತ್ತು. ಸತ್ತವರೂ ಸೂರ್ಯನೂ ಕಾಯಬೇಕಾಗಿತ್ತು. ಹನುಮಂತರಾಯಪ್ಪ ಮೇಷ್ಟರು ಮಡಚಿದ ಐದು ಬೆರಳನ್ನು ಬಿಡಿಸದೆ, ಅವುಗಳ ಮೇಲೆ ಇನ್ನೊಂದು ಕೈ ಇಟ್ಟು, ಮೂಡಲ ಕಡೆಗೆ ತಿರುಗಿ ಕೂತರು.